ಎಂಬತ್ತೊಂದನೆಯ ಪುಟದ ಕರಡಿ

ನನ್ನ ಮೊಮ್ಮಗಳನ್ನು ನಾನು ಕರೆಯುವುದು ಗೆದ್ದಲು ಎಂದು. ಪುಸ್ತಕ ಕೈಗೆ ಸಿಕ್ಕರೆ ಈ ಕಡೆಯ ರಟ್ಟಿನಿಂದ ಶುರು ಮಾಡಿ ಆ ಕಡೆಯ ರಟ್ಟು ಸಿಗುವ ತನಕ ತಲೆ ಎತ್ತುವುದಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಪುಸ್ತಕ, ಹಲ್ಲುಜ್ಜುವಾಗ ಕನ್ನಡಿಗೆ ಒರಗಿಸಿದ ಪುಸ್ತಕ, ಬೂಟಿನ ಲೇಸು ಕಟ್ಟುವಾಗ ಮೊಣಕಾಲ ಮೇಲೊಂದು ಪುಸ್ತಕ. ಸೊಸೆ ಬೈಯುತ್ತಾಳೆ. ನಾನು ಬೈಯುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಒಂದು ಜನ್ಮಕ್ಕಾಗುವಷ್ಟು ಬೈದು ಮುಗಿಸಿದ್ದೇನೆ, ಇನ್ನು ಸ್ಟಾಕ್ ಇಲ್ಲ ಎನ್ನುತ್ತೇನೆ. ಅದು ಶುದ್ಧ ಸುಳ್ಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಶಾಲೆಯ ಕಪಾಟನ್ನು ಅರ್ಧ ವರ್ಷದಲ್ಲೇ ಖಾಲಿ ಮಾಡಿ, ಒಂದು ಸಂಜೆ ಅವಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು.

"ತಾತ, ನೀನು ಚಿಕ್ಕೋನಾಗಿದ್ದಾಗ ಏನು ಓದ್ತಿದ್ದೆ? ಹಳೇದು, ಚೆನ್ನಾಗಿರೋದು ಹೇಳು. ಹೊಸದೆಲ್ಲ ಬೇಗ ಮುಗಿದುಹೋಗತ್ತೆ."

ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸರ್ವೀಸಿನುದ್ದಕ್ಕೂ ಜನ ನನ್ನನ್ನು ಕೇಳಿದ್ದು ಒಂದೇ, ಈ ಬಸ್ಸು ಅಲ್ಲಿಗೆ ಹೋಗುತ್ತಾ ಎಂದು. ಅದಕ್ಕೇ ಆ ದಿನ ಸ್ವಲ್ಪ ಉಬ್ಬಿಹೋದೆ.

"ಮೊದಲು ನೀಲಿ ಪುಸ್ತಕ ಓದು," ಎಂದೆ. "ಅದಾದ ಮೇಲೆ ಪಟ್ಟೆ ಪುಸ್ತಕ. ಕೆಂಪು ಪುಸ್ತಕ ಸ್ವಲ್ಪ ಹೆದರಿಕೆ, ಅದನ್ನ ಬೆಳಿಗ್ಗೆ ಹೊತ್ತು ಓದ್ಬೇಕು."

"ಬಣ್ಣ ಅಲ್ಲ ತಾತ, ಹೆಸರು ಹೇಳು. ಬರೆದೋರು ಯಾರು?"

"ನೀಲಿ ಪುಸ್ತಕ ಅನ್ನೋದೇ ಹೆಸರು. ಬರೆದೋರು ಯಾರೋ ಗೊತ್ತಿಲ್ಲ. ಕಟ್ಟಿದ್ದು ನಮ್ಮಪ್ಪ."

ಅಪ್ಪ ಒಂದು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟದ ಒಂದು ಕಟ್ಟಾಗುತ್ತದೆ, ಅದನ್ನು ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ದಾರದಲ್ಲಿ ಹೊಲಿದು, ಅಂಟು ಬಳಿದು, ರಟ್ಟು ಹಾಕಿದರೆ ಪುಸ್ತಕ. ಆ ಪ್ರೆಸ್ಸಿನಲ್ಲಿ ಮಕ್ಕಳ ಕಥೆಗಳ ಒಂದು ಮಾಲೆ ಅಚ್ಚಾಗುತ್ತಿತ್ತು. ಎಲ್ಲ ಹೆಸರಾಂತ ಹಳೆಯ ಕಥೆಗಳು, ಎಲ್ಲಕ್ಕೂ ಒಂದೇ ಅಳತೆ, ಒಂದೇ ಅಚ್ಚು. ಕೆಲಸ ಮುಗಿದ ಮೇಲೆ ಮಿಕ್ಕ ಫಾರಂಗಳನ್ನು, ಮಸಿ ತಗಲಿ ಕೆಟ್ಟವನ್ನು, ಮಾಲೀಕರು ಅಪ್ಪನಿಗೆ ಕೊಟ್ಟುಬಿಡುತ್ತಿದ್ದರು. ಅವನು ಅವನ್ನು ಮನೆಗೆ ತಂದು, ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು, ನಮಗೆ ಪುಸ್ತಕ ಕಟ್ಟಿಕೊಡುತ್ತಿದ್ದ. ಹೊದಿಕೆಯೂ ಹೆಸರಿನ ಹಾಳೆಯೂ ಬೇರೆಯಾಗಿ ಅಚ್ಚಾಗುತ್ತಿದ್ದುದರಿಂದ ಅವು ನಮಗೆ ಸಿಗುತ್ತಿರಲಿಲ್ಲ. ಹಾಗಾಗಿ ಯಾವ ಬಟ್ಟೆಯ ಹೊದಿಕೆಯೋ ಅದೇ ಪುಸ್ತಕದ ಹೆಸರು. ಕಿಟಕಿಯ ಹಳೆಯ ಪರದೆ ನೀಲಿ ಪುಸ್ತಕವಾಯಿತು. ಹರಿದ ದಿಂಬಿನ ಕವರು ಪಟ್ಟೆ ಪುಸ್ತಕವಾಯಿತು. ಒಂದಕ್ಕೆ ನನ್ನ ಚಡ್ಡಿಯ ಬಟ್ಟೆ ಹೋಗಿತ್ತು, ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಓದುವವಳು ದೊಡ್ಡಕ್ಕ. ಅಮ್ಮ ಬೇಗ ತೀರಿಕೊಂಡಿದ್ದಳು, ಮನೆಯಲ್ಲಿ ಉಳಿದವರು ನಾವು ಮೂವರು. ಸಂಜೆ ಊಟ ಮುಗಿಸಿ ಲಾಟೀನು ನಡುವೆ ಇಟ್ಟುಕೊಂಡರೆ ಅವಳ ಓದು ಶುರು. ಅಪ್ಪ ಗೋಡೆಗೆ ಒರಗಿ, ಕಾಲು ಚಾಚಿ, ಬೆರಳಿನ ಮೇಲೆ ಒಣಗಿದ ಅಂಟನ್ನು ಸಿಪ್ಪೆ ಸಿಪ್ಪೆಯಾಗಿ ಕೀಳುತ್ತಾ ಕೇಳುತ್ತಿದ್ದ. ತಾನು ಹೊಲಿದ ಪುಸ್ತಕ ಮಗಳ ಬಾಯಲ್ಲಿ ಮಾತಾಡುವುದನ್ನು ಕೇಳುವಾಗ ಅವನ ಮುಖ ನೋಡಬೇಕಿತ್ತು. ಪ್ರೆಸ್ಸಿನಲ್ಲಿ ಯಾರ ಎದುರೂ ಅವನು ಹಾಗೆ ಕೂತಿದ್ದನ್ನು ನಾನು ಕಂಡಿಲ್ಲ.

ನೀಲಿ ಪುಸ್ತಕ ಓದುವಾಗ ಮಾತ್ರ ಒಂದು ಜಾಗದಲ್ಲಿ ಅವನು ಎದ್ದು, ಲಾಟೀನನ್ನು ಅಕ್ಕನ ಹತ್ತಿರಕ್ಕೆ ಸರಿಸುತ್ತಿದ್ದ. ಹಾಗೆ ಸರಿಸಿದರೆ ಕರಡಿ ಬಂತು ಅಂತಲೇ ಅರ್ಥ. ನಾನು ಕಂಬಳಿಯನ್ನು ಮೂಗಿನ ತನಕ ಎಳೆದುಕೊಳ್ಳುತ್ತಿದ್ದೆ. ನನಗೆ ಹೆದರಿಕೆ ಹುಟ್ಟಿಸಲೆಂದೇ ಅಪ್ಪ ಹಾಗೆ ಮಾಡುತ್ತಾನೆ ಎಂದುಕೊಂಡಿದ್ದೆ. ಅದೊಂದು ಆಟದ ಹಾಗೆ ಇತ್ತು.

ಪುಸ್ತಕ ಮುಟ್ಟಲು ಅಕ್ಕ ಬಿಡುತ್ತಿರಲಿಲ್ಲ. "ನಿನ್ನ ಕೈಯೆಲ್ಲ ಅಂಟು," ಎನ್ನುತ್ತಿದ್ದಳು. ಕೈ ತೊಳೆದು ಬಂದು ತೋರಿಸಿದರೂ ಅದೇ ಮಾತು. ಓದಿ ಮುಗಿದ ಕೂಡಲೇ ಪುಸ್ತಕ ತಗಡಿನ ಪೆಟ್ಟಿಗೆಗೆ, ಪೆಟ್ಟಿಗೆಗೆ ಬೀಗ. ನಾನು ಓದಲು ಕಲಿತ ಮೇಲೂ ಕಾನೂನು ಬದಲಾಗಲಿಲ್ಲ. ಮದುವೆಯಾಗಿ ಹೋಗುವಾಗ ಪೆಟ್ಟಿಗೆಯನ್ನೂ ಜೊತೆಗೆ ಹೊತ್ತುಕೊಂಡೇ ಹೋದಳು. ಹಾಗಾಗಿ ಆ ಪುಸ್ತಕಗಳೆಲ್ಲ ನನ್ನ ಕಿವಿಯಲ್ಲಿವೆ, ಕಣ್ಣಲ್ಲಿಲ್ಲ. ಆದರೇನು, ಕಿವಿಯಲ್ಲಿದ್ದದ್ದನ್ನು ಹೇಳಲು ನನಗೆ ಬಾಯಿಯಂತೂ ಇದೆ. ನೀಲಿ ಪುಸ್ತಕವನ್ನು ಪೂರ್ತಿ ಗೆದ್ದಲಿಗೆ ಹೇಳಿದೆ.

ಕಡಲಿನ ನಡುವೆ ಒಂದು ದೀಪಸ್ತಂಭ. ದೀಪ ಹಚ್ಚುವವನು, ಅವನ ಒಬ್ಬಳೇ ಮಗಳು. ಒಂದು ದಿನ ಬಿರುಗಾಳಿಯಲ್ಲಿ ಯಾರನ್ನೋ ಕಾಪಾಡಲು ದೋಣಿ ತೆಗೆದುಕೊಂಡು ಹೋದ ಅಪ್ಪ ತಿರುಗಿ ಬರಲಿಲ್ಲ. ಮಗಳು ಎಷ್ಟೋ ದಿನ ದೀಪ ಹಚ್ಚಿ ಕಾದು, ಕೊನೆಗೆ ತಾನೇ ಸಣ್ಣ ದೋಣಿಯಲ್ಲಿ ಹುಡುಕಲು ಹೊರಟಳು. ದೋಣಿ ಎಲ್ಲೋ ದಡಕ್ಕೆ ಬಡಿಯಿತು. ಕಣ್ಣು ತೆರೆದರೆ ಎದುರಿಗೆ ಕರಡಿ. ಅದರ ಕಾಲಿಗೆ ಸರಪಳಿ. ಅದು ಊರೂರು ಸುತ್ತುವ ಸರ್ಕಸ್ಸಿನವರ ಬಿಡಾರ. ಚಾಟಿ ಹಿಡಿದ ಯಜಮಾನ ಅವಳನ್ನು ಕರಡಿಯ ಜೊತೆಗೇ ಕೆಲಸಕ್ಕೆ ಹಚ್ಚಿದ. ಅಲ್ಲೊಬ್ಬ ಮುದುಕ ಅಡುಗೆಯವನಿದ್ದ, ಯಾರೊಡನೆಯೂ ಮಾತಿಲ್ಲ, ಎಲ್ಲರಿಗೂ ಗಂಜಿ ಬಡಿಸುವುದಷ್ಟೇ ಅವನ ಕೆಲಸ. ಒಂದು ಸಂಜೆ ಹುಡುಗಿ ಕರಡಿಯ ಮೈ ಉಜ್ಜುತ್ತಾ, ಅಪ್ಪ ಕಲಿಸಿದ ಸಿಳ್ಳೆ ಹಾಕಿದಳು, ಎರಡು ಗಿಡ್ಡ, ಒಂದು ಉದ್ದ. ಮುದುಕನ ಕೈಯಿಂದ ಸೌಟು ಕೆಳಗೆ ಬಿತ್ತು. ಹೊಡೆತ ತಿಂದು ಎಲ್ಲವನ್ನೂ ಮರೆತಿದ್ದ ಅವನಿಗೆ ಆ ಸಿಳ್ಳೆಯೊಂದು ನೆನಪಿತ್ತು.

ಆ ಜಾಗದಲ್ಲಿ ನಾನು ಪ್ರತಿ ಸಲವೂ ಅತ್ತಿದ್ದೇನೆ. ಗೆದ್ದಲಿಗೆ ಹೇಳುವಾಗಲೂ ಕಣ್ಣೊರೆಸಿಕೊಂಡೆ. ಅವಳು ನನ್ನ ತೋಳಿಗೆ ಮುಖ ಒತ್ತಿಕೊಂಡು ಕೂತಿದ್ದಳು, ಮೇಲೆ ನೋಡಲಿಲ್ಲ. ಇಷ್ಟು ವರ್ಷ ಆದಮೇಲೆ ಒಂದು ಪುಸ್ತಕ ಇನ್ನೊಂದು ಮಗುವಿಗೆ ದಾಟಿತಲ್ಲ ಎಂದು ನನಗೆ ಖುಷಿಯಾಯಿತು.

ಅವರ ಶಾಲೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ತರಗತಿಯವರು ಚಿಕ್ಕವರ ಮುಂದೆ ನಿಂತು, ಈ ಪುಸ್ತಕ ಓದಿ, ಯಾಕೆಂದರೆ ಹೀಗೆ, ಎಂದು ಶಿಫಾರಸು ಮಾಡಬೇಕು. ಯಾವುದಕ್ಕೆ ಹೆಚ್ಚು ಕೈ ಏಳುತ್ತದೋ ಆ ಪುಸ್ತಕವನ್ನು ಮುಂದಿನ ಶನಿವಾರ ಜೋರಾಗಿ ಓದಿಸುತ್ತಾರೆ. ಗೆದ್ದಲು ಎದ್ದು ನೀಲಿ ಪುಸ್ತಕದ ಕಥೆ ಹೇಳಿದಳು. ಎಲ್ಲ ಕೈಗಳೂ ಎದ್ದವು. ಇಲ್ಲಿಯ ತನಕ ಎಲ್ಲ ಸರಿಯಾಗಿತ್ತು.

ಲೈಬ್ರರಿಯ ಮೇಡಂ ಒಳ್ಳೆಯ ಹೆಂಗಸು. ಹುಡುಕಿ ಹುಡುಕಿ ಹಳೆಯ ಮಾಲೆಯ ಮರುಮುದ್ರಣ ತಂದರು. ಒಂದಲ್ಲ, ಎರಡು ಪುಸ್ತಕ. ದೀಪಸ್ತಂಭದ ಹುಡುಗಿಯದೇ ಒಂದು, ಕರಡಿಯದೇ ಒಂದು. ಮೊದಲನೆಯದರಲ್ಲಿ ಕರಡಿ ಇಲ್ಲ. ಎರಡನೆಯದರಲ್ಲಿ ಹುಡುಗಿ ಇಲ್ಲ, ಒಬ್ಬ ಹುಡುಗ ಇದ್ದಾನೆ. ಅಡುಗೆಯವನಿದ್ದಾನೆ, ಆದರೆ ಅವನು ಬರೀ ಅಡುಗೆಯವನು. ಸಿಳ್ಳೆ ಎರಡರಲ್ಲೂ ಇಲ್ಲ. ಮಕ್ಕಳು ಸುಮ್ಮನಿರುತ್ತವೆಯೇ? ಬುರುಡೆ, ಬುರುಡೆ ಎಂದು ಕೂಗಿದವು. ಪಾಪ ಮೇಡಂ ಸಮಾಧಾನ ಮಾಡಲು ಹೋಗಿ, "ನಿಮ್ಮ ತಾತನಿಗೆ ವಯಸ್ಸಾಯ್ತಲ್ಲ ಪುಟ್ಟ, ಎರಡು ಕಥೆ ಕಲಸಿಹೋಗಿರ್ಬೇಕು," ಎಂದರು.

ಅವತ್ತು ಅವಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಬ್ಯಾಗು ಕೂಡ ಕೆಳಗಿಡಲಿಲ್ಲ.

"ತಾತ, ಆ ಪುಸ್ತಕದಲ್ಲಿ ಅಪ್ಪ ಸಿಗೋದೇ ಇಲ್ಲ. ಅವಳು ವಾಪಸ್ ಬಂದು ಒಬ್ಬಳೇ ದೀಪ ಹಚ್ತಾಳೆ. ಅಷ್ಟೇ ಇರೋದು."

"ಯಾವ ಪುಸ್ತಕದಲ್ಲಿ? ಅದು ಬೇರೆ ಇರ್ಬೇಕು."

"ಅದೇ ಪುಸ್ತಕ. ಮೊದಲಿಂದ ನೀನು ಹೇಳಿದ ಹಾಗೇ ಇದೆ, ಆಮೇಲೆ ಇಲ್ಲ. ನೀನು ಬುರುಡೆ ಬಿಟ್ಟೆ."

"ನಮ್ಮಪ್ಪ ಕಟ್ಟಿದ ಪುಸ್ತಕ ಅದು," ಎಂದೆ. ದನಿ ತಾನಾಗಿಯೇ ಬಸ್ಸಿನಷ್ಟು ದೊಡ್ಡದಾಗಿತ್ತು. "ನಿಮ್ಮ ಮೇಡಂ ಹುಟ್ಟೋಕೆ ಮುಂಚೆ ನಾನು ಕೇಳಿದ್ದು. ನಂಗೆ ಅರಳುಮರಳು ಅಂತ ಅವರು ಅಂದ್ರೆ ನೀನೂ ನಂಬ್ತೀಯಾ?"

ಅವಳು ಬ್ಯಾಗಿನ ಸಮೇತ ತನ್ನ ಕೋಣೆಗೆ ಹೋದಳು. ಮರುದಿನ ಸಂಜೆ ನನ್ನ ಕುರ್ಚಿಯ ಹತ್ತಿರ ಬರಲಿಲ್ಲ, ಅದರ ಮರುದಿನವೂ ಇಲ್ಲ. ಪಟ್ಟೆ ಪುಸ್ತಕದ ಕಥೆ ಅರ್ಧಕ್ಕೆ ನಿಂತಿತ್ತು, ಮುಂದೇನಾಯಿತು ಎಂದು ಕೇಳಲಿಲ್ಲ. ಹೊಸದಾಗಿ ತಂದ ಪುಸ್ತಕಗಳನ್ನು ತನ್ನ ಕೋಣೆಗೇ ಒಯ್ದು ಓದಿದಳು. ಶನಿವಾರ ಶಾಲೆಗೇ ಹೋಗುವುದಿಲ್ಲ ಎಂದು ಅವಳಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬಹಳ ನೋವಾಯಿತು. ಪ್ರಯಾಣಿಕರು ಏನೇನೋ ಅಂದಿದ್ದಾರೆ, ಒಂದನ್ನೂ ನಾನು ಮನೆಗೆ ಹೊತ್ತು ತಂದವನಲ್ಲ. ಆದರೆ ಮೊಮ್ಮಗಳು ನನ್ನನ್ನು ಸುಳ್ಳುಗಾರ ಎಂದುಕೊಂಡು ಪಕ್ಕದ ಕೋಣೆಯಲ್ಲಿ ಕೂತಿರುವಾಗ ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ನೀಲಿ ಪುಸ್ತಕ ಇರುವುದು ಒಂದೇ ಕಡೆ. ಫೋನ್ ಮಾಡಿದೆ.

"ಅಕ್ಕ, ನೀಲಿ ಪುಸ್ತಕ ಇದೆಯಾ ನಿನ್ನ ಹತ್ರ?"

ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ.

"ಯಾಕೆ ಈಗ?" ಎಂದಳು ಅಕ್ಕ.

"ಮಗು ಶಾಲೆಗೆ ಬೇಕು. ನಾನು ಬುರುಡೆ ಬಿಟ್ಟೆ ಅಂತ ಆಗಿದೆ ಇಲ್ಲಿ."

"ಮಗೂನ ಕರ್ಕೊಂಡು ಬಾ," ಎಂದು ಇಟ್ಟುಬಿಟ್ಟಳು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಗೆದ್ದಲನ್ನು ಎಳೆದುಕೊಂಡೇ ಹೊರಟೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೊಸ ಕಂಡಕ್ಟರ್ ಸ್ಟಾಪು ದಾಟಿದ ಮೇಲೆ ಸ್ಟಾಪಿನ ಹೆಸರು ಕೂಗುತ್ತಿದ್ದ. ಬೇರೆ ದಿನವಾಗಿದ್ದರೆ ಅವನಿಗೆ ಎರಡು ಮಾತು ಹೇಳುತ್ತಿದ್ದೆ, ಗೆದ್ದಲು ಮುಸಿಮುಸಿ ನಗುತ್ತಿದ್ದಳು. ಅವತ್ತು ಬಾಯಿ ಮುಚ್ಚಿಕೊಂಡು ಕೂತೆ.

ದೊಡ್ಡಕ್ಕ ಇರುವುದು ಮಗಳ ಮನೆಯ ಮಹಡಿಯ ಕೋಣೆಯಲ್ಲಿ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗಲೂ ಯಾರು ಬಂದರೂ ಮೊದಲ ಮಾತು ಕೈ ತೊಳ್ಕೊಂಡು ಬಾ. ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದು ಕಣ್ಣಿಗೆ ಹಟ ಬಂದಿದೆ. ನಾವಿಬ್ಬರೂ ಕೈ ತೊಳೆದು ಬಂದೆವು. ತಗಡಿನ ಪೆಟ್ಟಿಗೆ ಮಂಚದ ಮೇಲೇ ಇತ್ತು. ಬೀಗ ತೆಗೆದಿತ್ತು. ನೀಲಿ ಪುಸ್ತಕ ಅವಳ ತೊಡೆಯ ಮೇಲಿತ್ತು. ಪರದೆಯ ಬಟ್ಟೆ ಮೂಲೆಯಲ್ಲಿ ಸವೆದು ರಟ್ಟು ಕಾಣುತ್ತಿತ್ತು. ಅದನ್ನು ಅಷ್ಟು ಹತ್ತಿರದಿಂದ ನೋಡಿ ಒಂದು ಆಯುಷ್ಯವೇ ಆಗಿತ್ತು, ನನಗೆ ಕಣ್ಣು ಮಂಜಾಯಿತು.

"ಕೊಡು ಮಗೂಗೆ," ಎಂದೆ. "ದೋಣಿ ದಡಕ್ಕೆ ಬಡಿದ್ಮೇಲೆ ಕರಡಿ ಬರತ್ತೋ ಇಲ್ವೋ ಅವಳೇ ನೋಡ್ಲಿ."

"ಬರತ್ತೆ," ಎಂದಳು ಅಕ್ಕ. "ಮಗು, ನಿಮ್ಮ ತಾತ ಸುಳ್ಳು ಹೇಳಿಲ್ಲ. ನಿಮ್ಮ ಮೇಡಮ್ಮೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು."

ಗೆದ್ದಲು ಮೊದಲ ಸಲ ತಲೆ ಎತ್ತಿದಳು.

"ಅಪ್ಪನಿಗೆ ಓದೋಕೆ ಬರ್ತಿರ್ಲಿಲ್ಲ ಕಣೋ," ಎಂದಳು ಅಕ್ಕ ನನ್ನ ಕಡೆ ತಿರುಗಿ.

ನಾನು ನಗಲು ಹೋದೆ. ಬೈಂಡರ್ ಆಗಿದ್ದವನು. ಮನೆ ತುಂಬ ಪುಸ್ತಕ ಕಟ್ಟಿದವನು. ಪ್ರತಿ ಪುಟವನ್ನೂ ಬೆರಳಿಟ್ಟು ನೋಡಿಯೇ ಹೊಲಿಯುತ್ತಿದ್ದ, ನನ್ನ ಕಣ್ಣಾರೆ ಕಂಡಿದ್ದೇನೆ. ಅದನ್ನೇ ಹೇಳಿದೆ.

"ಬೆರಳು ಎಲ್ಲಿ ಇಡ್ತಿದ್ದ? ನೆನಪು ಮಾಡ್ಕೋ."

ನೆನಪು ಮಾಡಿಕೊಂಡೆ. ಪುಟದ ಕೆಳಗೆ, ನಡುವೆ, ಅಂಕಿಯ ಮೇಲೆ.

"ಅಂಕಿ ಬರ್ತಿತ್ತು, ಅಕ್ಷರ ಬರ್ತಿರ್ಲಿಲ್ಲ. ಪ್ರೆಸ್ಸಲ್ಲಿ ಒಂದು ಪುಸ್ತಕದ ಫಾರಂ ಎಲ್ಲ ಒಟ್ಟಿಗೇ ಬರ್ತಿದ್ವು, ನಂಬರ್ ನೋಡಿ ಜೋಡಿಸಿದ್ರೆ ಸರಿ ಹೋಗ್ತಿತ್ತು. ಮನೆಗೆ ತರ್ತಿದ್ದದ್ದು ಮಿಕ್ಕಿದ್ದು, ಎಲ್ಲ ಕಲಸಿ ಬರ್ತಿತ್ತು. ಎಂಬತ್ತು ಆದ್ಮೇಲೆ ಎಂಬತ್ತೊಂದು ಇದ್ದ ಫಾರಂ ಹುಡುಕಿ ಹೊಲಿದುಬಿಡ್ತಿದ್ದ. ಅದೇ ಕಾಗದ, ಅದೇ ಅಳತೆ. ಅವನ ಲೆಕ್ಕಕ್ಕೆ ಏನೂ ತಪ್ಪಿರ್ಲಿಲ್ಲ."

ನಾನು ಮಂಚದ ತುದಿಯಲ್ಲಿ ಕೂತೆ, ಅಕ್ಕ ಮುಂದುವರಿಸಿದಳು.

"ಮೊದಲನೇ ಸಲ ನೀಲಿ ಪುಸ್ತಕ ಓದ್ತಾ ಇದ್ದೆ. ಈ ಮಗುಗಿಂತ ಒಂದೆರಡು ವರ್ಷ ದೊಡ್ಡೋಳು ಅಷ್ಟೇ. ಎಂಬತ್ತು ಮುಗಿಸಿ ಎದುರು ಪುಟ ನೋಡಿದ್ರೆ ಬೇರೆ ಕಥೆ. ಕರಡಿ ಅಂತೆ, ಹುಡುಗ ಅಂತೆ. ಅಪ್ಪ ತಪ್ಪು ಮಾಡಿದ್ದಾನೆ ಅಂತ ಹೇಳೋಕೆ ತಲೆ ಎತ್ತಿದೆ. ಅವನು ನನ್ನೇ ನೋಡ್ತಿದ್ದ. ಆ ಮುಖ ನೋಡಿ ಹೇಳೋಕಾಗ್ಲಿಲ್ಲ. ಹುಡುಗನ್ನ ಹುಡುಗಿ ಮಾಡಿದೆ, ಕರಡಿನ ದಡಕ್ಕೆ ತಂದೆ. ಅಲ್ಲಿಂದ ಕೊನೇ ತನಕ ಹಾಗೇ ಓದಿದೆ."

"ಅಡುಗೆಯವನು?" ಎಂದಳು ಗೆದ್ದಲು.

"ನೀನೇ ಹೇಳು, ಅವಳು ಅಪ್ಪನ್ನ ಹುಡುಕ್ಕೊಂಡು ಹೋದೋಳು. ಉಳಿದ ಪುಟದಲ್ಲಿ ಎಲ್ಲೂ ಅಪ್ಪ ಇಲ್ಲ. ಕೇಳೋಕೆ ಎದುರಿಗೆ ಅಪ್ಪ ಕೂತಿದ್ದಾನೆ, ಪಕ್ಕದಲ್ಲಿ ಇವನೊಬ್ಬ ಅಳೋಕೆ ರೆಡಿಯಾಗಿ ಕೂತಿದ್ದಾನೆ. ಇದ್ದೋರಲ್ಲಿ ಅಡುಗೆಯವನೇ ವಾಸಿ ಅನ್ನಿಸ್ತು. ಅಪ್ಪ ಹೊಲಿಯೋವಾಗ ಸಿಳ್ಳೆ ಹಾಕ್ತಿದ್ದ, ಎರಡು ಗಿಡ್ಡ, ಒಂದು ಉದ್ದ. ಅದನ್ನೇ ಹಾಕಿದೆ."

ಹೌದು, ಅಪ್ಪ ಸಿಳ್ಳೆ ಹಾಕುತ್ತಿದ್ದ. ಸೂಜಿ ಒಳಗೆ ಹೋಗುವಾಗ ಗಿಡ್ಡ, ಹೊರಗೆ ಬರುವಾಗ ಗಿಡ್ಡ, ದಾರ ಎಳೆಯುವಾಗ ಉದ್ದ. ಇಷ್ಟು ವರ್ಷ ಆ ಮುದುಕ ಅಡುಗೆಯವನಿಗಾಗಿ ನಾನು ಅತ್ತಿದ್ದೇನೆ, ಅವನು ಯಾರೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಎಲ್ಲ ಪುಸ್ತಕನೂ ಹೀಗೇನಾ?" ಎಂದೆ.

"ಪಟ್ಟೆ ಪುಸ್ತಕದಲ್ಲಿ ಮೂರು ಕಥೆ ಇದೆ. ಕೆಂಪು ಪುಸ್ತಕದಲ್ಲಿ ಕೊನೇನೇ ಇಲ್ಲ, ನೀನು ಹೆದರ್ಕೊಂಡಿದ್ದು ನಾನು ಹೇಳಿದ್ದಕ್ಕೆ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ? ನನ್ನ ಕೈ ಅಂಟು ಅಂತ ಮುಟ್ಟೋಕೂ ಬಿಡ್ಲಿಲ್ಲ."

"ನಿನ್ನ ಕೈ ಚೆನ್ನಾಗೇ ಇತ್ತು. ನಿನ್ನ ಬಾಯಿದೇ ತೊಂದರೆ. ನೀನು ಓದಿದ್ರೆ ಅಲ್ಲೇ ಕೂಗ್ತಿದ್ದೆ, ಅಪ್ಪ ಇಲ್ಲಿ ತಪ್ಪಾಗಿದೆ ಅಂತ. ಪೂರ್ತಿ ಬೀದಿಗೆ ಕೇಳಿಸ್ತಿತ್ತು."

ಗೆದ್ದಲು ಕಿಸಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿದ್ದು, ಅದು ನನ್ನ ಖರ್ಚಿನಲ್ಲಾದರೂ ಸರಿ ಎನಿಸಿತು.

"ಅಪ್ಪನಿಗೆ ಗೊತ್ತಾಗ್ಲೇ ಇಲ್ವಾ ಅಕ್ಕ, ಕೊನೇ ತನಕ?"

"ಗೊತ್ತಾಗೋದ್ರಲ್ಲಿತ್ತು. ಆ ಪುಟದಲ್ಲಿ ಇರೋದನ್ನ ಬಿಟ್ಟು ಇಲ್ಲದ್ದನ್ನ ಹೇಳ್ಬೇಕಲ್ಲ, ಹೊತ್ತು ಹಿಡೀತಿತ್ತು. ಒಂದಿನ ಕೇಳೇ ಬಿಟ್ಟ. ಬೇರೆ ಪುಟ ಎಲ್ಲ ಬೇಗ ತಿರುವ್ತೀಯ, ಇದೊಂದಕ್ಕೆ ಯಾಕಮ್ಮ ಇಷ್ಟು ಹೊತ್ತು ಅಂತ. ಈ ಪುಟದಲ್ಲಿ ಅಕ್ಷರ ಸಣ್ಣದು ಅಪ್ಪ, ಅಂದೆ." ಅಕ್ಕ ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಸವರಿದಳು. "ಅವತ್ತಿಂದ ಆ ಪುಟ ಬಂದ್ರೆ ಎದ್ದು ದೀಪ ನನ್ನ ಹತ್ರ ತಂದಿಡ್ತಿದ್ದ. ಮಗಳ ಕಣ್ಣಿಗೆ ಕಷ್ಟ ಆಗಬಾರದು ಅಂತ."

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಬೀದಿಯಲ್ಲಿ ಒಬ್ಬ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ, ಅವನನ್ನೇ ನೋಡುತ್ತಾ ಅತ್ತೆ. ಕಂಬಳಿ ಮೂಗಿನ ತನಕ ಎಳೆದುಕೊಂಡು ನಾನು ಕರಡಿಗೆ ಹೆದರಿದ್ದೆ. ಅಪ್ಪ ಎದ್ದಿದ್ದು ಅಕ್ಕನ ಕಣ್ಣಿಗಾಗಿ. ಅಕ್ಕ ಅದೇ ಬೆಳಕಿನಲ್ಲಿ ಅವನಿಗಾಗಿ ಸುಳ್ಳು ಹೇಳುತ್ತಿದ್ದಳು. ಮೂರು ಜನರ ಮನೆಯಲ್ಲಿ ಏನೂ ತಿಳಿಯದೆ ಸುಖವಾಗಿದ್ದವನು ನಾನೊಬ್ಬನೇ.

ಅಕ್ಕ ಗೆದ್ದಲನ್ನು ಹತ್ತಿರ ಕರೆಯುವುದು ಕೇಳಿಸಿತು.

"ತಗೋ ಮಗು. ನಾಳೆ ಶಾಲೆಗೆ ತಗೊಂಡು ಹೋಗಿ ಎಲ್ಲರಿಗೂ ತೋರ್ಸು. ನಮ್ಮ ಮುತ್ತಜ್ಜನಿಗೆ ಓದೋಕೆ ಬರ್ತಿರ್ಲಿಲ್ಲ, ಎರಡು ಕಥೆ ಸೇರಿಸಿ ಕಟ್ಟಿಬಿಟ್ಟಿದ್ದ ಅಂತ ಹೇಳು. ಇಷ್ಟು ದಿನ ಕಾಪಾಡಿದ್ದು ಸಾಕು. ನಿನ್ನನ್ನ ಯಾರೂ ಬುರುಡೆ ಅನ್ನಬಾರದು."

ಸರಿಯಾದ ಮಾತು. ಮಗುವಿನ ಮರ್ಯಾದೆ ಉಳಿಯಬೇಕು, ನಾನು ಬಂದದ್ದೂ ಅದಕ್ಕೇ. ಆದರೂ ಒಂದು ತರಗತಿ ತುಂಬ ಮಕ್ಕಳು ನೀಲಿ ಪುಸ್ತಕದ ಎಂಬತ್ತನೆಯ ಪುಟ ತೆರೆದು, ಅಪ್ಪನ ತಪ್ಪಿನ ಮೇಲೆ ಬೆರಳಿಟ್ಟು ನಗುವುದು ನನ್ನ ಕಣ್ಣ ಮುಂದೆ ಬಂತು. ಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ಯಾವ ಮುಖದಿಂದ ಬೇಡ ಅನ್ನಲಿ? ನನ್ನ ಮಾತು ನಂಬಿ ಹೋಗಿ ತಾನೇ ಅವಳು ನಗೆಪಾಟಲಾದದ್ದು. ಅವಳ ಮುಖ ನೋಡಿದೆ.

ಗೆದ್ದಲು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಎಂಬತ್ತನೆಯ ಪುಟ ತೆರೆದು, ನಡುವಿನ ಸಂದಿಗೆ ಬೆರಳು ಹಾಕಿ ಮೇಲಿಂದ ಕೆಳಗೆ ಎಳೆದಳು.

"ಹೊಲಿಗೆ ಎಲ್ಲೂ ಗೊತ್ತೇ ಆಗಲ್ಲ ತಾತ," ಎಂದಳು.

"ಅಪ್ಪನ ಕೈ ಅದು."

ಯೋಚಿಸುವಾಗ ಮಾಡುವ ಹಾಗೆ ಅವಳು ತುಟಿಯನ್ನು ಒಂದು ಕಡೆಗೆ ಎಳೆದುಕೊಂಡಳು.

"ತೋರ್ಸಲ್ಲ," ಎಂದಳು. "ನಾನೇ ಓದ್ತೀನಿ, ದೊಡ್ಡಜ್ಜಿ ಓದಿದ ಹಾಗೆ. ಚಿಕ್ಕೋರು ಕೇಳ್ಲಿ. ಮೇಡಂ ಕೇಳಿದ್ರೆ, ಇದು ನಮ್ಮನೇಲಿ ಮಾತ್ರ ಇರೋ ಪುಸ್ತಕ, ಬೇರೆಲ್ಲೂ ಸಿಗಲ್ಲ ಅಂತೀನಿ. ಅದು ನಿಜ ತಾನೇ?"

"ನೂರಕ್ಕೆ ನೂರು ನಿಜ."

"ಮಕ್ಕಳು ಕೊಡು ಅಂದ್ರೆ?" ಎಂದಳು ಅಕ್ಕ.

"ಯಾರ ಕೈಗೂ ಕೊಡಲ್ಲ. ಅವರ ಕೈಯೆಲ್ಲ ಅಂಟು."

ಅಕ್ಕ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು, ನಾನು ನೀರು ಕೊಡಬೇಕಾಯಿತು. ಆಮೇಲೆ ಕಣ್ಣೊರೆಸಿಕೊಂಡು, ಇವಳು ನಿನ್ನ ಮೊಮ್ಮಗಳಲ್ಲ, ನನ್ನ ಮೊಮ್ಮಗಳು ಎಂದಳು.

"ಹಾಗಾದ್ರೆ ಈಗ ಓದು ನೋಡೋಣ. ಅಭ್ಯಾಸ ಇಲ್ದೆ ಆಗಲ್ಲ ಅದು. ತಡವರಿಸಿದ್ರೆ ಸಿಕ್ಕಿಬೀಳ್ತೀಯ."

ಗೆದ್ದಲು ನಮ್ಮಿಬ್ಬರ ನಡುವೆ ಕೂತಳು. ದೋಣಿ ಹೊರಡುವ ಜಾಗದಿಂದ ಶುರು ಮಾಡಿದಳು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು, ತುಟಿ ಮಾತ್ರ ಅವಳ ಜೊತೆಯಲ್ಲಿ ಅಲುಗುತ್ತಿತ್ತು. ಕಿಟಕಿಯಲ್ಲಿ ಸಂಜೆಯ ಬೆಳಕು ಇಳಿಯುತ್ತಾ ಬಂತು. ನಾನು ಅವಳ ಭುಜದ ಮೇಲಿಂದ ಪುಟ ನೋಡುತ್ತಾ ಕೂತೆ. ಕಿವಿಯಲ್ಲಿದ್ದ ಪುಸ್ತಕವನ್ನು ಕಣ್ಣಿನಿಂದ ನೋಡಿದ್ದು ಅದೇ ಮೊದಲು.

ಎಂಬತ್ತನೆಯ ಪುಟದ ಕೊನೆಯ ಸಾಲು ಬಂತು. "ದೋಣಿ ಏನಕ್ಕೋ ಬಡಿದು ನಿಂತಿತು. ಅವಳು ಕಣ್ಣು ತೆರೆದಾಗ ಎದುರಿಗೆ," ಎಂದು ಓದಿ ಗೆದ್ದಲು ಎದುರು ಪುಟದ ಮೊದಲ ಸಾಲಿಗೆ ಬೆರಳು ಸರಿಸಿದಳು. ಅಲ್ಲಿ ಅಚ್ಚಾಗಿದ್ದದ್ದು ನನಗೆ ಕಾಣುತ್ತಿತ್ತು: ಯಜಮಾನ ಚಾಟಿ ಬೀಸುತ್ತಾ ಬರುವುದನ್ನು ಕಂಡು, ಕರಡಿಯ ಸರಪಳಿ ಉಜ್ಜುತ್ತಿದ್ದ ಹುಡುಗ ಎದ್ದು ನಿಂತ. ಅಕ್ಷರ ಸಣ್ಣದಾಗೇನೂ ಇರಲಿಲ್ಲ, ಹಿಂದಿನ ಪುಟದಷ್ಟೇ ದಪ್ಪಗಿತ್ತು. ಅವಳು ಒಂದು ಉಸಿರು ತೆಗೆದುಕೊಂಡಳು.

"ಎದುರಿಗೆ ಒಂದು ಕರಡಿ," ಎಂದಳು, ಪುಟದಿಂದ ಕಣ್ಣು ತೆಗೆಯದೆ. "ಅದರ ಕಾಲಿಗೆ ಸರಪಳಿ. ಹುಡುಗಿ ಮೆಲ್ಲಗೆ ಎದ್ದು ನಿಂತಳು."

ಅಕ್ಕನ ತುಟಿ ಅಲುಗುವುದು ನಿಂತಿತ್ತು, ಅವಳು ಈಗ ಬರೀ ಕೇಳುತ್ತಿದ್ದಳು. ನಾನು ಎದ್ದು, ಮೇಜಿನ ಮೇಲಿದ್ದ ದೀಪವನ್ನು ಹಚ್ಚಿ, ಗೆದ್ದಲಿನ ಹತ್ತಿರಕ್ಕೆ ಸರಿಸಿದೆ.